ಕೋಶವಿಲ್ಲದೆ ಪ್ರೋಟೀನ್: ಇಳುವರಿ ಹೆಚ್ಚಿಸುವ ಬಗೆ, ಕೊಡಗಿನ ಒಂದು ಸಣ್ಣ ಪ್ರಯೋಗಾಲಯದಿಂದ

ಮಳೆಗಾಲದ ಒಂದು ಬೆಳಿಗ್ಗೆ, ಜೀವಂತ ಕೋಶವಿಲ್ಲದೆ ಹಸಿರು ಹೊಳಪಿನ ಪ್ರೋಟೀನ್ ತಯಾರಿಸಲು ಸಿದ್ಧಪಡಿಸಿದ್ದ ಆರು ಸಣ್ಣ ಟ್ಯೂಬ್‌ಗಳನ್ನು ನೀಲಿ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟೆವು. ಎರಡರಲ್ಲಿ ಏನೂ ಇಲ್ಲ, ಮೂರರಲ್ಲಿ ಮಸುಕು ಹಸಿರು, ಒಂದು ಮಾತ್ರ ನಾಟಿಯಾಗಿ ಹದಿನೈದು ದಿನ ಕಳೆದ ಗದ್ದೆಯ ಬಣ್ಣದಲ್ಲಿ ಬೆಳಗುತ್ತಿತ್ತು. ಆರರಲ್ಲೂ ಅದೇ ಡಿಎನ್‌ಎ, ಅದೇ ಸಾರ (ಒಡೆದ ಬ್ಯಾಕ್ಟೀರಿಯಾದ ಒಳದ್ರವ), ಅದೇ ಕೈ. ಬೇರೆಯಾಗಿದ್ದದ್ದು ಮೆಗ್ನೀಸಿಯಂ ಪ್ರಮಾಣ ಒಂದೇ. ಅದಕ್ಕೂ ಹಿಂದಿನ ಮೂರು ತಿಂಗಳು ಹೊಸ ಕಿಣ್ವ ತರಿಸೋಣವೇ, ಬೇರೆ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಕಟ್ಟೋಣವೇ ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು.

ವಿರಾಜಪೇಟೆ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ದೊಡ್ಡ ಯಂತ್ರಗಳಿಲ್ಲ. ಬೇಕಾದ ರಾಸಾಯನಿಕ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕು, ಜುಲೈನಲ್ಲಿ ಘಾಟಿ ರಸ್ತೆ ಕೆಟ್ಟರೆ ಅದೂ ತಡ. ಹಾಗಾಗಿ ಕಡಿಮೆ ಖರ್ಚಿನಲ್ಲಿ ಯಾವುದು ನಿಜವಾಗಿ ಫಲ ಕೊಡುತ್ತದೆ ಎಂಬುದನ್ನು ಕಲಿಯದೆ ನಮಗೆ ಬೇರೆ ದಾರಿ ಇರಲಿಲ್ಲ. ಇಳುವರಿ ಕಡಿಮೆ ಎಂದು ಕೊರಗುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ದುಬಾರಿ ಕಿಟ್ ಅಲ್ಲ. ಒಳ್ಳೆಯ ಸಾರ, ಸರಿಯಾದ ಮೆಗ್ನೀಸಿಯಂ, ಶುದ್ಧ ಡಿಎನ್‌ಎ, ಸಾಕಷ್ಟು ಗಾಳಿ. ಈ ನಾಲ್ಕನ್ನು ಇದೇ ಅನುಕ್ರಮದಲ್ಲಿ ಸರಿಪಡಿಸಿಕೊಳ್ಳಿ.

ಏನಿದು ಕೋಶರಹಿತ ವ್ಯವಸ್ಥೆ

ಬ್ಯಾಕ್ಟೀರಿಯಾವನ್ನು ಒಡೆದು, ಅದರ ಗೋಡೆ ಮತ್ತು ವರ್ಣತಂತುವನ್ನು ಬಿಸಾಡಿ, ಒಳಗಿನ ಪ್ರೋಟೀನ್ ಹೆಣೆಯುವ ರೈಬೋಸೋಮ್, ಅದಕ್ಕೆ ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ, ಕಿಣ್ವಗಳನ್ನು ಉಳಿಸಿಕೊಂಡರೆ ಅದೇ ಸಾರ. ಮನೆ ಬಿದ್ದರೂ ಒಲೆ ಆರದೆ ಉಳಿದ ಹಾಗೆ. ಅದಕ್ಕೆ ಶಕ್ತಿಯ ಮೂಲ, ಅಮೈನೋ ಆಮ್ಲ, ಲವಣ ಮತ್ತು ನಿಮಗೆ ಬೇಕಾದ ಜೀನ್ ಇರುವ ಡಿಎನ್‌ಎ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಪ್ರೋಟೀನ್ ತಯಾರಾಗುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಎಕ್ಸ್‌ಟ್ರ್ಯಾಕ್ಟ್ ಎನ್ನುತ್ತಾರೆ, ನಾನು ಸಾರ ಎಂದೇ ಬರೆಯುತ್ತೇನೆ. ಸಾರು ಎಂದು ಓದಿಕೊಂಡರೂ ತಪ್ಪೇನಿಲ್ಲ, ಹದ ತಪ್ಪಿದರೆ ಎರಡೂ ಕೆಡುತ್ತವೆ.

ವಿದ್ಯೆ ಹಳೆಯದು. 1961ರಲ್ಲಿ ನೀರೆನ್‌ಬರ್ಗ್ ಮತ್ತು ಮಥಾಯಿ ಎಂಬ ವಿಜ್ಞಾನಿಗಳು ಇ. ಕೋಲೈ ಬ್ಯಾಕ್ಟೀರಿಯಾದ ಸಾರಕ್ಕೆ ಬರೀ ಯುರಿಡಿನ್‌ಗಳ ಕೃತಕ ಆರ್‌ಎನ್‌ಎ ಸೇರಿಸಿ ಫಿನೈಲ್‌ಅಲನಿನ್ ಸರಪಣಿಯನ್ನು ಪಡೆದರು. ಜೀವಸಂಕೇತದ ಮೊದಲ ಅಕ್ಷರ ಓದಿದ್ದು ಹೀಗೆ. ಹರಗೋಬಿಂದ್ ಖೊರಾನಾ ಉಳಿದ ಅಕ್ಷರಗಳನ್ನು ಬಿಡಿಸಲು ನೆರವಾದದ್ದೂ ಇಂಥದೇ ಸಾರಗಳಿಂದ. 1968ರ ನೊಬೆಲ್ ಅವರಿಗೂ ನೀರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರಿಗೂ ಒಟ್ಟಿಗೆ ಬಂತು.

ಮೊದಲು ಅಳತೆಗೋಲು

ಏನನ್ನಾದರೂ ಬದಲಾಯಿಸುವ ಮೊದಲು ಅಳೆಯಲು ಕಲಿಯಿರಿ. ನಿಮ್ಮ ಗುರಿ ಯಾವ ಪ್ರೋಟೀನೇ ಆಗಿರಲಿ, ಪ್ರತಿ ಪ್ರಯೋಗದ ಜೊತೆಗೂ ಸೂಪರ್‌ಫೋಲ್ಡರ್ ಜಿಎಫ್‌ಪಿ ಎಂಬ ಹಸಿರು ಪ್ರೋಟೀನಿನ ಪ್ಲಾಸ್ಮಿಡ್ ಹಾಕಿದ ಒಂದು ಟ್ಯೂಬ್ ಇರಲಿ. ಡಿಎನ್‌ಎ ಹಾಕದ ಇನ್ನೊಂದು ಟ್ಯೂಬ್ ಕೂಡ ಇರಲೇಬೇಕು, ಏಕೆಂದರೆ ಸಾರಕ್ಕೆ ತನ್ನದೇ ಆದ ಮಂದ ಹೊಳಪಿದೆ, ಅದನ್ನು ಕಳೆಯದೆ ಲೆಕ್ಕ ಹಾಕಿದರೆ ನೀವು ಮೋಸ ಹೋಗುತ್ತೀರಿ. ಶುದ್ಧೀಕರಿಸಿದ ಜಿಎಫ್‌ಪಿಯಿಂದ ಒಂದು ಮಾನಕ ರೇಖೆ ಎಳೆದಿಟ್ಟುಕೊಂಡರೆ ಯಂತ್ರ ತೋರಿಸುವ ಅಂಕಿ ಮಿಲಿಗ್ರಾಂ ಆಗಿ ಓದಲು ಸಿಗುತ್ತದೆ. ಒಳ್ಳೆಯ ಇ. ಕೋಲೈ ಸಾರದಲ್ಲಿ ಈ ಪ್ರೋಟೀನ್ ಮಿಲಿಲೀಟರಿಗೆ ಅರ್ಧದಿಂದ ಒಂದು ಮಿಲಿಗ್ರಾಂ ಬರುವುದು ಸಾಧ್ಯ. ಜಿಎಫ್‌ಪಿ ಚೆನ್ನಾಗಿ ಬಂದು ನಿಮ್ಮ ಪ್ರೋಟೀನ್ ಬಾರದಿದ್ದರೆ ದೋಷ ನಿಮ್ಮ ಜೀನ್‌ನಲ್ಲಿದೆ. ಎರಡೂ ಬಾರದಿದ್ದರೆ ಸಾರದಲ್ಲೋ ಮಿಶ್ರಣದಲ್ಲೋ ಇದೆ. ಇಷ್ಟು ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾರದಲ್ಲಿ ಜೀವಂತ ಕೋಶ ಇಲ್ಲವೆಂದರೂ ಅದನ್ನು ತಯಾರಿಸಲು ಬೆಳೆಸುವುದು ಕುಲಾಂತರಿ ಬ್ಯಾಕ್ಟೀರಿಯಾವನ್ನೇ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದು ಮುಂದುವರಿಯಿರಿ, ಉಳಿದದ್ದನ್ನೆಲ್ಲ ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿಯೇ) ಚೆಲ್ಲಿ.

ಸಾರ: ಎಲ್ಲ ಇಲ್ಲಿಂದಲೇ

ತಳಿಯಾಗಿ ಬಿಎಲ್21 ಸ್ಟಾರ್ ಡಿಇ3 ಆರಿಸಿಕೊಳ್ಳಿ. ಇದರಲ್ಲಿ ಆರ್‌ಎನ್‌ಎಯನ್ನು ತುಂಡರಿಸುವ ಒಂದು ಮುಖ್ಯ ಕಿಣ್ವ ದುರ್ಬಲವಾಗಿದೆ, ಹಾಗಾಗಿ ಜೀನಿನ ಸಂದೇಶ ಹೊತ್ತ ಆರ್‌ಎನ್‌ಎ ಹೆಚ್ಚು ಹೊತ್ತು ಬಾಳುತ್ತದೆ. ಪೋಷಕ ದ್ರಾವಣಕ್ಕೆ ಲೀಟರಿಗೆ 16 ಗ್ರಾಂ ಟ್ರಿಪ್ಟೋನ್, 10 ಗ್ರಾಂ ಯೀಸ್ಟ್ ಸಾರ, 5 ಗ್ರಾಂ ಉಪ್ಪು, 7 ಗ್ರಾಂ ಡೈಪೊಟ್ಯಾಸಿಯಂ ಫಾಸ್ಫೇಟ್, 3 ಗ್ರಾಂ ಮೊನೊಪೊಟ್ಯಾಸಿಯಂ ಫಾಸ್ಫೇಟ್; ಪ್ರತ್ಯೇಕವಾಗಿ ಆಟೋಕ್ಲೇವ್ ಮಾಡಿದ 18 ಗ್ರಾಂ ಗ್ಲೂಕೋಸ್ ಕೊನೆಗೆ. ಗ್ಲೂಕೋಸನ್ನು ಉಳಿದವುಗಳ ಜೊತೆಗೇ ಬೇಯಿಸಿದರೆ ದ್ರಾವಣ ಕಂದಾಗುತ್ತದೆ. ಗ್ಲೂಕೋಸ್ ಮತ್ತು ಫಾಸ್ಫೇಟ್ ಹೇರಳವಾಗಿದ್ದರೆ, ಮುಂದೆ ನಿಮ್ಮ ಶಕ್ತಿಮೂಲವನ್ನು ತಿಂದುಹಾಕುವ ಫಾಸ್ಫಟೇಸ್ ಕಿಣ್ವಗಳನ್ನು ಕೋಶ ಹೆಚ್ಚಾಗಿ ತಯಾರಿಸುವುದಿಲ್ಲ.

37 ಡಿಗ್ರಿಯಲ್ಲಿ, ಒಂದು ಲೀಟರ್ ಫ್ಲಾಸ್ಕ್‌ಗೆ ಕಾಲು ಲೀಟರ್‌ಗಿಂತ ಹೆಚ್ಚು ತುಂಬದೆ, ಜೋರಾಗಿ ಅಲುಗಾಡಿಸಿ ಬೆಳೆಸಿ. 600 ನ್ಯಾನೋಮೀಟರ್‌ನಲ್ಲಿ ಓಡಿ (ಕೋಶಗಳು ಹೆಚ್ಚಿದಂತೆ ಏರುವ, ದ್ರವದ ಮಸುಕಿನ ಅಳತೆ) 0.6 ಆದಾಗ, ಜೀನನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕವನ್ನು 1 ಮಿಲಿಮೋಲಾರ್ ಹಾಕಿದರೆ, ಡಿಎನ್‌ಎಯಿಂದ ಸಂದೇಶ ಬರೆಯುವ ಟಿ7 ಆರ್‌ಎನ್‌ಎ ಪಾಲಿಮರೇಸ್ ಕೋಶದೊಳಗೇ ತಯಾರಾಗುತ್ತದೆ, ಅದನ್ನು ಬೇರೆಯಾಗಿ ಕೊಳ್ಳುವ ಖರ್ಚು ಉಳಿಯುತ್ತದೆ.

ಕೊಯ್ಲಿನ ಹೊತ್ತು ತಪ್ಪಿಸಬಾರದು. ಓಡಿ 3ರ ಆಸುಪಾಸಿನಲ್ಲಿ, ಕೋಶಗಳು ಇನ್ನೂ ಓಟದಲ್ಲಿರುವಾಗಲೇ ಇಳಿಸಿ. ವೇಗವಾಗಿ ಬೆಳೆಯುವ ಕೋಶದಲ್ಲಿ ರೈಬೋಸೋಮ್‌ಗಳು ಅತಿ ಹೆಚ್ಚು. ಊಟಕ್ಕೆ ಹೋಗಿ ಬಂದು ನೋಡಿದಾಗ ಓಡಿ 6 ಆಗಿದ್ದರೆ ಪೆಲೆಟ್ (ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕಿಳಿಸಿದ ಕೋಶಗಳ ಮುದ್ದೆ) ದಪ್ಪಗಾಗಿರುತ್ತದೆ, ಆದರೆ ಸಾರ ಸೊರಗಿರುತ್ತದೆ. ಕಾಫಿ ತೋಟದ ಮನೆಯಿಂದ ಬಂದ ನಮ್ಮ ವಿದ್ಯಾರ್ಥಿನಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ‘ಹಣ್ಣು ಕೆಂಪಗಿದ್ದಾಗಲೇ ಕುಯ್ಯಬೇಕಲ್ಲವೇ ಮೇಡಂ, ಗಿಡದಲ್ಲೇ ಒಣಗಿದರೆ ತೂಕ ಮಾತ್ರ’ ಎಂದಳು. ನಿಜವಾಗಿ ಒಣಗಿದರೆ ತೂಕವೂ ಉಳಿಯುವುದಿಲ್ಲ, ಆದರೆ ಅವಳ ತಾತ್ಪರ್ಯ ಸರಿ.

ಇಲ್ಲಿಂದ ಮುಂದೆ ಎಲ್ಲವೂ ಮಂಜುಗಡ್ಡೆಯ ಮೇಲೆ. 10 ಮಿಲಿಮೋಲಾರ್ ಟ್ರಿಸ್ ಅಸಿಟೇಟ್, 14 ಮಿಲಿಮೋಲಾರ್ ಮೆಗ್ನೀಸಿಯಂ ಅಸಿಟೇಟ್, 60 ಮಿಲಿಮೋಲಾರ್ ಪೊಟ್ಯಾಸಿಯಂ ಅಸಿಟೇಟ್, 2 ಮಿಲಿಮೋಲಾರ್ ಡಿಟಿಟಿ (ಆಕ್ಸಿಡೀಕರಣ ತಡೆಯುವ ರಾಸಾಯನಿಕ) ಇರುವ ತಣ್ಣನೆಯ ಬಫರ್‌ನಲ್ಲಿ, ಪಿಎಚ್ 8.2ರಲ್ಲಿ, ಪೆಲೆಟ್ಟನ್ನು ಮೂರು ಸಲ ತೊಳೆಯಿರಿ. ಮೂರನೆಯ ತೊಳೆತಕ್ಕೆ ಬೇಸರ ಪಡಬೇಡಿ. ನಮ್ಮ ಐಸ್ ಯಂತ್ರ ಕೆಟ್ಟ ವಾರಗಳಲ್ಲಿ ಪೇಟೆಯ ಮೀನು ಅಂಗಡಿಯಿಂದ ಮಂಜುಗಡ್ಡೆ ತಂದು ಹೊರಗಿನ ತೊಟ್ಟಿಗೆ ತುಂಬಿದ್ದೂ ಉಂಟು. ಟ್ಯೂಬಿನ ಬಾಯಿ ಬಿಗಿಯಾಗಿದ್ದರೆ ಸಾಕು, ವಾಸನೆ ಸಾರಕ್ಕೆ ಹತ್ತುವುದಿಲ್ಲ.

ತೊಳೆದ ಪೆಲೆಟ್ಟಿನ ಪ್ರತಿ ಗ್ರಾಮಿಗೆ ಒಂದು ಮಿಲಿಲೀಟರ್ ಬಫರ್ ಹಾಕಿ, ಗಂಟು ಇಲ್ಲದಂತೆ ಕಲಸಿ. ಈಗ ಸೋನಿಕೇಟರ್, ಅಂದರೆ ಶಬ್ದತರಂಗದಿಂದ ಕೋಶ ಒಡೆಯುವ ಯಂತ್ರ. ಒಂದು ಮಿಲಿಲೀಟರ್ ದ್ರವವನ್ನು ಐಸ್ ನೀರಿನಲ್ಲಿ ನಿಲ್ಲಿಸಿ, 50 ಶೇಕಡಾ ಆಂಪ್ಲಿಟ್ಯೂಡ್‌ನಲ್ಲಿ 10 ಸೆಕೆಂಡ್ ಚಾಲೂ, 10 ಸೆಕೆಂಡ್ ವಿರಾಮ. ಇಲ್ಲಿ ನೋಡಬೇಕಾದ್ದು ಗಡಿಯಾರವನ್ನಲ್ಲ, ಯಂತ್ರ ತೋರಿಸುವ ಒಟ್ಟು ಜೂಲ್‌ಗಳನ್ನು. ಒಂದು ಮಿಲಿಲೀಟರಿಗೆ 500ರಿಂದ 550 ಜೂಲ್ ಒಳ್ಳೆಯ ಆರಂಭ. ಕಡಿಮೆಯಾದರೆ ಕೋಶ ಒಡೆಯುವುದಿಲ್ಲ, ಹೆಚ್ಚಾದರೆ ಬಿಸಿಗೆ ರೈಬೋಸೋಮ್ ಕೆಡುತ್ತದೆ. ಯಂತ್ರದಿಂದ ಯಂತ್ರಕ್ಕೆ ಹದ ಬೇರೆಯಾದ್ದರಿಂದ 350, 450, 550, 650 ಜೂಲ್‌ಗಳಲ್ಲಿ ನಾಲ್ಕು ಟ್ಯೂಬ್ ಮಾಡಿ ಒಮ್ಮೆ ಹೋಲಿಸಿಬಿಡಿ, ವರ್ಷಕ್ಕಾಗುವಷ್ಟು ಮಾಹಿತಿ ಸಿಗುತ್ತದೆ. ಶುರುವಿನಲ್ಲಿ ದ್ರವ ಹಾಲು ಬೆರೆಸಿದ ಗಂಜಿಯಂತಿರುತ್ತದೆ. ಒಡೆಯುತ್ತಾ ಹೋದಂತೆ ಬಿಳುಪು ಕರಗಿ, ಬಣ್ಣ ಗಾಢವಾಗಿ, ಟ್ಯೂಬಿನ ಅಂಚಿನಲ್ಲಿ ಬೆಳಕು ಹಾಯತೊಡಗುತ್ತದೆ. ಪ್ರೋಬಿನ ತುದಿ ಮೇಲ್ಮೈ ಹತ್ತಿರ ಬಂದರೆ ಕೀರಲು ದನಿ ಏಳುತ್ತದೆ, ನೊರೆ ಬರುತ್ತದೆ. ನೊರೆ ಬಂದರೆ ಪ್ರೋಟೀನ್ ಕೆಟ್ಟಿತೆಂದೇ ಲೆಕ್ಕ. ಕಿವಿಗೆ ರಕ್ಷಣೆ ಹಾಕಿಕೊಳ್ಳಿ.

ಒಡೆದ ದ್ರವಕ್ಕೆ ತಾಜಾ ಡಿಟಿಟಿ ಸೇರಿಸಿ 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ ಬಲದಲ್ಲಿ 10 ನಿಮಿಷ ತಿರುಗಿಸಿ. ಮೇಲೆ ನಿಲ್ಲುವ ದ್ರವ ತಿಳಿಜೇನಿನ ಬಣ್ಣದ್ದು, ಅದರ ಕೆಳಗೆ ಮೋಡದಂಥ ಒಂದು ತೆಳು ಪದರ, ತಳದಲ್ಲಿ ಪೆಲೆಟ್. ಜೇನಿನ ಭಾಗವನ್ನಷ್ಟೇ ತೆಗೆಯಿರಿ. ಮೋಡದ ಪದರದಿಂದ ಇನ್ನೈವತ್ತು ಮೈಕ್ರೋಲೀಟರ್ ಕಸಿದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಕಸಿದಿದ್ದೇನೆ, ಪಶ್ಚಾತ್ತಾಪ ಪಟ್ಟಿದ್ದೇನೆ.

ಹಳೆಯ ವಿಧಾನಗಳಲ್ಲಿ ಇದಾದ ಮೇಲೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ತಿರುಗಿಸುತ್ತಾರೆ. ರೈಬೋಸೋಮ್‌ಗಳಿಗೆ ಅಂಟಿಕೊಂಡ ಹಳೆಯ ಸಂದೇಶಗಳು ಬಿಟ್ಟುಹೋಗಲಿ ಎಂದು. ಕೆಲವು ತಳಿಗಳಿಗೆ ಇದರಿಂದ ಲಾಭವಿದೆ, ಬಿಎಲ್21 ಸ್ಟಾರ್‌ಗೆ ಅಗತ್ಯವಿಲ್ಲ. ನಿಮ್ಮ ತಳಿ ಬೇರೆಯಾದರೆ ಎರಡೂ ಬಗೆಯಲ್ಲಿ ಮಾಡಿ ನೋಡಿ.

ಸಾರವನ್ನು 50 ಅಥವಾ 100 ಮೈಕ್ರೋಲೀಟರ್‌ಗಳ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ತಟ್ಟನೆ ಹೆಪ್ಪುಗಟ್ಟಿಸಿ, ಮೈನಸ್ 80ರಲ್ಲಿ ಇಡಿ. ದ್ರವ ಸಾರಜನಕ ಕೊಡಗಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ: ಹಸುಗಳ ಕೃತಕ ಗರ್ಭಧಾರಣೆಯ ಕಡ್ಡಿಗಳಿಗಾಗಿ ಪಶುವೈದ್ಯ ಇಲಾಖೆಗೆ ಅದು ಕ್ಯಾನ್‌ಗಳಲ್ಲಿ ಬರುತ್ತದೆ. ಮೊದಲೇ ಪತ್ರ ಬರೆದು ಕೇಳಿ ನೋಡಿ. ಇಲ್ಲದಿದ್ದರೆ ಡ್ರೈ ಐಸ್ ಮತ್ತು ಎಥನಾಲ್ ಮಿಶ್ರಣ ಸಾಕು. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಿ ಜಿಪುಣತನ ತೋರಿಸಬೇಡಿ.

ಡಿಎನ್‌ಎ

ಮಿನಿಪ್ರೆಪ್ (ಸ್ವಲ್ಪ ಪ್ರಮಾಣದ ಪ್ಲಾಸ್ಮಿಡ್ ಬೇರ್ಪಡಿಸುವ) ಕಿಟ್‌ನಿಂದ ಬಂದ ಪ್ಲಾಸ್ಮಿಡ್‌ನಲ್ಲಿ ಎರಡು ಶತ್ರುಗಳು ಉಳಿದಿರುತ್ತಾರೆ. ಒಂದು, ಕಿಟ್‌ನವರೇ ಬಫರಿಗೆ ಹಾಕಿರುವ, ಆರ್‌ಎನ್‌ಎ ತುಂಡರಿಸುವ ಕಿಣ್ವವಾದ ಆರ್‌ಎನ್‌ಏಸ್. ಇನ್ನೊಂದು, ಕೊನೆಯ ತೊಳೆತದ ಎಥನಾಲ್ ಮತ್ತು ಲವಣ. ಮಿಡಿಪ್ರೆಪ್ (ಅದೇ ಕೆಲಸ, ಹೆಚ್ಚು ಪ್ರಮಾಣದಲ್ಲಿ) ಮಾಡಿ, ಅಥವಾ ಮಿನಿಪ್ರೆಪ್ ಆದಮೇಲೆ ಇನ್ನೊಂದು ಶುದ್ಧೀಕರಣ ಮಾಡಿ, ಬಫರ್‌ಗೆ ಬದಲು ಆರ್‌ಎನ್‌ಏಸ್ ಇಲ್ಲದ ನೀರಿನಲ್ಲಿ ಇಳಿಸಿಕೊಳ್ಳಿ. 15 ಮೈಕ್ರೋಲೀಟರ್ ಕ್ರಿಯೆಗೆ 200 ನ್ಯಾನೋಗ್ರಾಂ ಪ್ಲಾಸ್ಮಿಡ್ ಸಾಕು. ಮೂರು ಪಟ್ಟು ಹಾಕಿದರೆ ಮೂರು ಪಟ್ಟು ಬರುವುದಿಲ್ಲ, ಸಂದೇಶ ತಯಾರಿಯೇ ಶಕ್ತಿಯನ್ನೆಲ್ಲ ಕುಡಿದುಬಿಡುತ್ತದೆ.

ಪಿಸಿಆರ್‌ನಿಂದ ಬಂದ ನೇರ ಡಿಎನ್‌ಎ ಹಾಕುವುದಾದರೆ, ಸಾರದಲ್ಲಿರುವ ರೆಕ್‌ಬಿಸಿಡಿ ಕಿಣ್ವ ಅದನ್ನು ತುದಿಯಿಂದ ಕೊರೆಯುತ್ತದೆ. ಗ್ಯಾಮ್‌ಎಸ್ ಎಂಬ ಪ್ರೋಟೀನನ್ನು ಮೊದಲೇ ಸೇರಿಸಿದರೆ ಆ ಕಿಣ್ವದ ಬಾಯಿ ಕಟ್ಟುತ್ತದೆ. ಜೀನ್‌ನ ವಿಷಯಕ್ಕೆ ಬಂದರೆ, ಮೊದಲ ಹತ್ತು ಸಂಕೇತಗಳ (ಕೋಡಾನ್, ಒಂದೊಂದಕ್ಕೂ ಮೂರಕ್ಷರ) ಹತ್ತಿರ ಆರ್‌ಎನ್‌ಎ ತನ್ನಲ್ಲೇ ಮಡಚಿಕೊಂಡು ಗಂಟಾಗಿದ್ದರೆ ರೈಬೋಸೋಮ್ ಕೂರಲು ಜಾಗವೇ ಇರುವುದಿಲ್ಲ. ಆ ಭಾಗದಲ್ಲಿ ಎ ಮತ್ತು ಟಿ ಹೆಚ್ಚಿರುವ ಸಮಾನಾರ್ಥಕ ಸಂಕೇತಗಳನ್ನು ಆರಿಸಿ. ಇಡೀ ಜೀನನ್ನು ತಿದ್ದುವುದಕ್ಕಿಂತ ಈ ಮೂವತ್ತು ಅಕ್ಷರಗಳನ್ನು ತಿದ್ದುವುದು ಅಗ್ಗ, ಎಷ್ಟೋ ಸಲ ಅದೇ ಸಾಕು.

ಮಿಶ್ರಣ, ಮತ್ತೆ ಮೆಗ್ನೀಸಿಯಂ

15 ಮೈಕ್ರೋಲೀಟರ್ ಕ್ರಿಯೆಯಲ್ಲಿ ಸಾರ 4 ಮೈಕ್ರೋಲೀಟರ್, ಅಂದರೆ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಉಳಿದವುಗಳ ಅಂತಿಮ ಪ್ರಮಾಣ ಹೀಗಿರಲಿ: ಕೋಶದ ಶಕ್ತಿ ಹೊತ್ತ ಅಣುವಾದ ಎಟಿಪಿ 1.2 ಮಿಲಿಮೋಲಾರ್, ಉಳಿದ ಮೂರು ನ್ಯೂಕ್ಲಿಯೋಟೈಡ್ ತಲಾ 0.85, ಇಪ್ಪತ್ತು ಅಮೈನೋ ಆಮ್ಲ ತಲಾ 2, ಪೊಟ್ಯಾಸಿಯಂ ಗ್ಲುಟಮೇಟ್ 130, ಅಮೋನಿಯಂ ಗ್ಲುಟಮೇಟ್ 10, ಎನ್‌ಎಡಿ 0.33, ಕೋಎನ್‌ಝೈಮ್ ಎ 0.27, ಸ್ಪರ್ಮಿಡಿನ್ 1.5, ಪ್ಯುಟ್ರೆಸಿನ್ 1, ಆಕ್ಸಲೇಟ್ 4, ಹೆಪಿಸ್ ಬಫರ್ 57, ಶಕ್ತಿಯ ಮೂಲವಾದ ಫಾಸ್ಫೋಇನಾಲ್‌ಪೈರುವೇಟ್ 33, ಎಲ್ಲವೂ ಮಿಲಿಮೋಲಾರ್. ಜೊತೆಗೆ ಮಿಲಿಲೀಟರಿಗೆ 170 ಮೈಕ್ರೋಗ್ರಾಂ ಟಿಆರ್‌ಎನ್‌ಎ, 34 ಮೈಕ್ರೋಗ್ರಾಂ ಫೋಲಿನಿಕ್ ಆಮ್ಲ. ಕ್ಲೋರೈಡ್ ಲವಣಗಳ ಬದಲು ಗ್ಲುಟಮೇಟ್ ಬಳಸುವುದು ಸುಮ್ಮನೆ ಅಲ್ಲ: ಜೀವಂತ ಕೋಶದೊಳಗೆ ಹೇರಳವಾಗಿರುವ ಋಣ ಅಯಾನು ಅದೇ.

ಮೆಗ್ನೀಸಿಯಂ ಬಗ್ಗೆ ಸ್ವಲ್ಪ ನಿಧಾನಿಸೋಣ. ರೈಬೋಸೋಮಿನ ಎರಡು ಹೋಳುಗಳನ್ನು ಕೂಡಿಸಿ ಹಿಡಿಯುವುದು ಅದೇ, ಎಟಿಪಿಯನ್ನು ಕಿಣ್ವಗಳ ಕೈಗೆ ಕೊಡುವುದೂ ಅದೇ. ಆದರೆ ನ್ಯೂಕ್ಲಿಯೋಟೈಡ್‌ಗಳು, ಫಾಸ್ಫೋಇನಾಲ್‌ಪೈರುವೇಟ್, ಕ್ರಿಯೆ ನಡೆದಂತೆ ಗುಡ್ಡೆಯಾಗುವ ಫಾಸ್ಫೇಟ್ ಎಲ್ಲವೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ನೀವು ಹಾಕಿದ್ದು ಬೇರೆ, ಬಳಕೆಗೆ ಸಿಗುವುದು ಬೇರೆ. ಸಾರದ ಬಫರ್‌ನಲ್ಲೇ 14 ಮಿಲಿಮೋಲಾರ್ ಇರುವುದರಿಂದ ಅಲ್ಲಿಂದಲೇ ಸುಮಾರು 4 ಬಂದಿರುತ್ತದೆ. ಪ್ರತಿ ಹೊಸ ಸಾರಕ್ಕೂ ಹೊಸದಾಗಿ ಹದ ಹುಡುಕಬೇಕಾಗುವುದು ಇದಕ್ಕೇ.

ಹುಡುಕುವುದು ಸುಲಭ, ಪಿಪೆಟ್ಟಿನ ಮಿತಿ ನೆನಪಿದ್ದರೆ. ಒಂದೇ ಗಾಢ ದ್ರಾವಣದಿಂದ 0.3 ಮೈಕ್ರೋಲೀಟರ್ ವ್ಯತ್ಯಾಸದಲ್ಲಿ ಹಾಕಲು ಹೋಗಬೇಡಿ, ಅಷ್ಟು ನಿಖರತೆ ಯಾವ ಕೈಗೂ ಇಲ್ಲ. 60, 80, 100, 120, 140, 160 ಮಿಲಿಮೋಲಾರ್ ಮೆಗ್ನೀಸಿಯಂ ಗ್ಲುಟಮೇಟ್‌ನ ಆರು ದ್ರಾವಣ ಮಾಡಿಕೊಂಡು, ಪ್ರತಿಯೊಂದರಿಂದಲೂ ಸಮನಾಗಿ 1.5 ಮೈಕ್ರೋಲೀಟರ್ ಹಾಕಿ. ಅಂತಿಮವಾಗಿ 6ರಿಂದ 16ರವರೆಗೆ ಎರಡೆರಡರ ಮೆಟ್ಟಿಲು ಸಿಗುತ್ತದೆ. ಉಳಿದೆಲ್ಲವನ್ನೂ ಒಂದೇ ದೊಡ್ಡ ಮಿಶ್ರಣವಾಗಿ ಮೊದಲೇ ಕಲಸಿಟ್ಟುಕೊಂಡು ಹಂಚಿ, ಪ್ರತಿಯೊಂದನ್ನೂ ಮೂರು ಸಲ ಮಾಡಿ. ಮೊದಲು ಹೇಳಿದ ಆರು ಟ್ಯೂಬ್‌ಗಳ ಕತೆ ಇಂಥ ಮೆಟ್ಟಿಲಿನದೇ. ಅದು ಸಿಕ್ಕಮೇಲೆ ಪೊಟ್ಯಾಸಿಯಂ ಗ್ಲುಟಮೇಟನ್ನು 80ರಿಂದ 180ರವರೆಗೆ ಹೀಗೇ ನೋಡಿ.

ಗಾಳಿ ಮತ್ತು ಬಿಸಿ

15 ಮೈಕ್ರೋಲೀಟರಿನಲ್ಲಿ ಚೆನ್ನಾಗಿ ಬಂದದ್ದನ್ನು 200 ಮೈಕ್ರೋಲೀಟರಿಗೆ ಹಿಗ್ಗಿಸಿ, ಇಳುವರಿ ಕುಸಿದಾಗ ಸಾರವನ್ನು ಬೈಯುವವರು ಬಹಳ. ಸಾರಕ್ಕೆ ಉಸಿರಾಟವಿದೆ. ಒಡೆದ ಪೊರೆಯ ಚೂರುಗಳು ಸಣ್ಣ ಚೀಲಗಳಾಗಿ ಮತ್ತೆ ಕೂಡಿಕೊಂಡು, ಆಮ್ಲಜನಕ ಸಿಕ್ಕರೆ ಎಟಿಪಿ ತಯಾರಿಸುತ್ತವೆ. ಟ್ಯೂಬಿನ ಚೂಪು ತಳದಲ್ಲಿ ಆಳವಾಗಿ ನಿಂತ ದ್ರವಕ್ಕೆ ಗಾಳಿ ಇಳಿಯುವುದಿಲ್ಲ. ಚಪ್ಪಟೆ ತಳದ ಪ್ಲೇಟಿನಲ್ಲಿ ತೆಳುವಾಗಿ ಹರಡಿ, ನಿಧಾನವಾಗಿ ಅಲುಗಾಡಿಸಿ, ಆವಿಯಾಗದಂತೆ ಮೇಲೆ ಹಾಳೆ ಅಂಟಿಸಿ. ದೋಸೆ ಹರಡಿದಂತೆ ಹರಡಬೇಕು, ಇಡ್ಲಿಯಂತೆ ತುಂಬಬಾರದು.

30 ಡಿಗ್ರಿ ಸಾಮಾನ್ಯ ಹದ. ಮಡಿಕೇರಿಯ ಡಿಸೆಂಬರ್‌ನಲ್ಲಿ ‘ಕೋಣೆಯ ಉಷ್ಣಾಂಶ’ ಎಂದು ಬರೆದ ವಿಧಾನವನ್ನು ನಂಬಿದರೆ ಕ್ರಿಯೆ ಚಳಿಯಲ್ಲಿ ಮುದುಡಿ ಕೂರುತ್ತದೆ. ಇನ್‌ಕ್ಯುಬೇಟರ್ ಬಳಸಿ, ಒಳಗೆ ಬೇರೊಂದು ಥರ್ಮಾಮೀಟರ್ ಇಟ್ಟು ನೋಡಿ.

ಶಕ್ತಿಯ ಮೂಲ

ಫಾಸ್ಫೋಇನಾಲ್‌ಪೈರುವೇಟ್ ಚುರುಕು, ಆದರೆ ದುಬಾರಿ, ಬೇಗ ಮುಗಿಯುತ್ತದೆ, ಹಿಂದೆ ಫಾಸ್ಫೇಟ್ ರಾಶಿ ಬಿಟ್ಟುಹೋಗುತ್ತದೆ. 3-ಫಾಸ್ಫೋಗ್ಲಿಸರೇಟ್ ನಿಧಾನವಾಗಿ ಉರಿಯುತ್ತದೆ. ಗ್ಲೂಕೋಸ್ ಅಥವಾ ಮಾಲ್ಟೋಡೆಕ್ಸ್ಟ್ರಿನ್ ಅತಿ ಅಗ್ಗ, ಆದರೆ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತದೆ, ಬಫರ್ ಹೆಚ್ಚಿಸಲೇಬೇಕು. ನಮ್ಮಂಥ ಕಡೆ ಕಲಿಕೆಗೆ ಮಾಲ್ಟೋಡೆಕ್ಸ್ಟ್ರಿನ್, ಅಂತಿಮ ಪ್ರಯೋಗಕ್ಕೆ ಫಾಸ್ಫೋಇನಾಲ್‌ಪೈರುವೇಟ್ ಎಂದು ನಾನು ಹಂಚಿಕೊಂಡಿದ್ದೇನೆ. ಯಾವುದನ್ನು ಬದಲಾಯಿಸಿದರೂ ಮೆಗ್ನೀಸಿಯಂ ಮೆಟ್ಟಿಲನ್ನು ಮತ್ತೆ ಹತ್ತಬೇಕು.

ಇನ್ನೂ ಹೆಚ್ಚು ಬೇಕಾದರೆ ಡಯಾಲಿಸಿಸ್ ಪೊರೆಯ ಒಳಗೆ ಕ್ರಿಯೆ, ಹೊರಗೆ ಹತ್ತು ಪಟ್ಟು ಪೋಷಕ ದ್ರಾವಣ ಇಡುವ ಪದ್ಧತಿ ಇದೆ. ಶಕ್ತಿ ಒಳಬರುತ್ತದೆ, ಫಾಸ್ಫೇಟ್ ಹೊರಹೋಗುತ್ತದೆ, ಕ್ರಿಯೆ ಇಡೀ ದಿನ ನಡೆಯುತ್ತದೆ.

ಪ್ರೋಟೀನ್ ಬಂತು, ಆದರೆ ಕೆಲಸ ಮಾಡುತ್ತಿಲ್ಲ

ಕ್ರಿಯೆಯನ್ನು ತಿರುಗಿಸಿ ನೋಡಿದಾಗ ಪ್ರೋಟೀನೆಲ್ಲ ತಳದಲ್ಲಿದ್ದರೆ ಅದು ಸರಿಯಾಗಿ ಮಡಚಿಕೊಂಡಿಲ್ಲ. ಉಷ್ಣಾಂಶವನ್ನು 25ಕ್ಕೋ 20ಕ್ಕೋ ಇಳಿಸಿ, ಗ್ರೋಇಎಲ್-ಗ್ರೋಇಎಸ್ ಸಹಾಯಕ ಪ್ರೋಟೀನ್ ಸೇರಿಸಿ. ಡೈಸಲ್ಫೈಡ್ ಬಂಧ ಬೇಕಿರುವ ಪ್ರೋಟೀನಾದರೆ ಡಿಟಿಟಿ ಇರುವ ಸಾರ ಅಡ್ಡಿ. ಸಾರಕ್ಕೆ ಅಯೊಡೋಅಸಿಟಮೈಡ್ ಉಪಚಾರ ಕೊಟ್ಟು, ಆಕ್ಸಿಡೀಕೃತ ಗ್ಲುಟಥಯೋನ್ 4, ಸಾಮಾನ್ಯ ಗ್ಲುಟಥಯೋನ್ 1 ಮಿಲಿಮೋಲಾರ್ ಅನುಪಾತದಿಂದ ಆರಂಭಿಸಿ, ಬಂಧಗಳನ್ನು ಸರಿಜೋಡಿಸುವ ಡಿಎಸ್‌ಬಿಸಿ ಕಿಣ್ವ ಜೊತೆಗಿರಲಿ. ಪೊರೆಯ ಪ್ರೋಟೀನ್‌ಗಳಿಗೆ ನ್ಯಾನೋಡಿಸ್ಕ್ (ಪೊರೆಯ ಪುಟ್ಟ ಬಿಲ್ಲೆ) ಅಥವಾ ಬ್ರಿಜ್-35ರಂಥ ಸೌಮ್ಯ ಡಿಟರ್ಜೆಂಟ್ ಬೇಕು.

ಮಳೆಗಾಲದ ಎಚ್ಚರ

ಒಂದು ವರ್ಷ ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟ್ ಇರಲಿಲ್ಲ. ಜನರೇಟರ್ ಡೀಸೆಲ್ ಮುಗಿದದ್ದು ಯಾರ ಗಮನಕ್ಕೂ ಬರಲಿಲ್ಲ. ಫ್ರೀಜರ್ ತೆರೆದಾಗ ನಲವತ್ತು ಟ್ಯೂಬ್ ಸಾರ ನೀರಾಗಿತ್ತು. ಅಂದಿನಿಂದ ಸಾರವನ್ನು ಎರಡು ಕಟ್ಟಡಗಳಲ್ಲಿ ಹಂಚಿ ಇಡುತ್ತೇವೆ, ಮೇ ತಿಂಗಳಲ್ಲೇ ಸ್ವಲ್ಪ ಭಾಗವನ್ನು ಟ್ರೆಹಲೋಸ್ ಸಕ್ಕರೆ ಬೆರೆಸಿ ಶೀತ ಒಣಗಿಸುತ್ತೇವೆ. ಒಣಗಿದ ಸಾರಕ್ಕೆ ಫ್ರೀಜರ್ ಬೇಡ, ಆದರೆ ತೇವ ಆಗದು. ಆಟಿ ತಿಂಗಳ ಗಾಳಿಗೆ ತೆರೆದ ಟ್ಯೂಬಿನ ಬಿಳಿ ಹತ್ತಿಯಂಥ ಉಂಡೆ ನೋಡನೋಡುತ್ತಿದ್ದಂತೆ ಕುಗ್ಗಿ ಅಂಟಾಗುತ್ತದೆ. ಒಂದೊಂದೇ ಪ್ರಯೋಗಕ್ಕಾಗುವಷ್ಟನ್ನು ಸಿಲಿಕಾ ಜೆಲ್ ಜೊತೆ ಅಲ್ಯೂಮಿನಿಯಂ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ನೀರು ಹಾಕಲು ಪಿಪೆಟ್ ಕೈಯಲ್ಲಿ ಹಿಡಿದ ಮೇಲೆಯೇ ಚೀಲ ಹರಿಯಿರಿ.

ಹೊಸ ಸಾರ ಕೈಕೊಟ್ಟಾಗ

ಹಳೆಯ ಒಳ್ಳೆಯ ಸಾರದ ಕೆಲವು ಟ್ಯೂಬ್‌ಗಳನ್ನು ಯಾವಾಗಲೂ ಉಳಿಸಿಕೊಂಡಿರಿ. ಹೊಸದು ಕೈಕೊಟ್ಟರೆ ಹಳೆಯದನ್ನೂ ಹೊಸದನ್ನೂ ಅರ್ಧರ್ಧ ಬೆರೆಸಿ ಓಡಿಸಿ. ಪಕ್ಕದಲ್ಲೇ ಹಳೆಯ ಸಾರದ ಅರ್ಧಕ್ಕೆ ಬರೀ ಬಫರ್ ಬೆರೆಸಿದ ಟ್ಯೂಬೂ ಇರಲಿ. ಬೆರೆಸಿದ್ದು ಬಫರ್ ಟ್ಯೂಬಿಗಿಂತ ಚೆನ್ನಾಗಿ ಬೆಳಗಿದರೆ ಹೊಸ ಸಾರದಲ್ಲಿ ಏನೋ ಕೊರತೆಯಿದೆ: ಕೊಯ್ಲು ತಡವಾಗಿರಬಹುದು, ಕೋಶ ಪೂರ್ತಿ ಒಡೆಯದಿರಬಹುದು. ಬಫರ್ ಟ್ಯೂಬಿಗಿಂತಲೂ ಮಂಕಾದರೆ ಹೊಸದರಲ್ಲಿ ಕೆಡಿಸುವ ವಸ್ತು ಇದೆ, ಹೆಚ್ಚಾಗಿ ಸರಿಯಾಗಿ ತೊಳೆಯದ್ದು ಅಥವಾ ಆರ್‌ಎನ್‌ಏಸ್ ಸೇರಿದ್ದು. ಮೊದಲನೆಯದಾದರೆ ಜೂಲ್ ಮತ್ತು ಓಡಿ ಬರೆದಿಟ್ಟ ಪುಟ ತೆರೆಯಿರಿ. ಎರಡನೆಯದಾದರೆ ಆ ಸಾರವನ್ನು ಚೆಲ್ಲಿ, ಹೊಸ ಬಫರ್ ಮಾಡಿ, ಮತ್ತೆ ಶುರುಮಾಡಿ.